ಸೌದೆ ಒಂದು, ಗಾಳಿ ಒಂದು

ನನಗೆ ಮೂಗಿನ ತುದಿಯಲ್ಲೇ ಕೋಪ. ಮದುವೆಯಾಗಿ ಗಾವಡಗೆರೆ ಕಡೆಯ ಈ ಹೊಗೆಸೊಪ್ಪು ಬೆಳೆಯುವ ಮನೆಗೆ ಬಂದಾಗ ಆ ಕೋಪದ ಜೊತೆಗೆ ಇನ್ನೊಂದನ್ನೂ ತಂದಿದ್ದೆ. ಅದು ಪಾಸಾಗದೆ ಉಳಿದ ಬಿಎಸ್ಸಿಯ ಒಂದು ಕೆಮಿಸ್ಟ್ರಿ ಪೇಪರು. ಅದು ಮುಗಿದರೆ ಡಿಗ್ರಿ, ಡಿಗ್ರಿ ಬಂದರೆ ಬಿಎಡ್, ಆಮೇಲೆ ಯಾವುದಾದರೂ ಹೈಸ್ಕೂಲಿನಲ್ಲಿ ಟೀಚರ್ ಕೆಲಸ. ಎರಡು ಸಲ ಬರೆದು ಎರಡು ಸಲವೂ ಹೋಗಿತ್ತು. ಹಿಂದಿನ ಸಲವಂತೂ ಎರಡೇ ಅಂಕಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಸಲದ್ದು ಕೊನೆಯ ಅವಕಾಶ.

ಎರಡೂ ಸಲ ನನ್ನ ಕಾಲೆಳೆದದ್ದು ಒಂದೇ ಪ್ರಶ್ನೆ. ಇದ್ದಿಲು ಉರಿಯುವಾಗ ಕಾರ್ಬನ್, ಆಕ್ಸಿಜನ್, ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಇರುತ್ತವೆ. ಇವುಗಳ ನಡುವೆ ಸ್ವತಂತ್ರ ಕ್ರಿಯೆಗಳು ಎಷ್ಟು? ಸ್ವತಂತ್ರ ಅಂದರೆ ಬೇರೆ ಕ್ರಿಯೆಗಳನ್ನು ಕೂಡಿ ಕಳೆದು ಪಡೆಯಲಾಗದ್ದು. ನಾನೋ ದೊಡ್ಡ ಜಾಣೆ, ಗೊತ್ತಿದ್ದ ನಾಲ್ಕು ಸಮೀಕರಣಗಳನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದು, ಕೆಳಗೆ ನಾಲ್ಕು ಎಂದು ಗೆರೆ ಎಳೆದು ಬಂದಿದ್ದೆ. ಎರಡು ಸಲವೂ ಸೊನ್ನೆ.

ಪರೀಕ್ಷೆ ಬಂದದ್ದು ಸೊಪ್ಪು ಬೇಯಿಸುವ ವಾರದಲ್ಲಿ. ಕಡ್ಡಿಗೆ ಕಟ್ಟಿದ ಹಸಿ ಎಲೆಯನ್ನು ಬ್ಯಾರನ್ ಎಂಬ ಶಾಖದ ಕೋಣೆಯೊಳಗೆ ಸಾಲಾಗಿ ತೂಗುಹಾಕಿ ಹೊರಗಿನ ಒಲೆಗೆ ಸೌದೆ ಕೊಡುತ್ತಿರಬೇಕು. ಐದಾರು ದಿನ ಬೆಂಕಿ ಆರುವಂತಿಲ್ಲ, ಶಾಖ ಒಮ್ಮೆಲೇ ಏರುವಂತೆಯೂ ಇಲ್ಲ. ಏರಿದರೆ ಹಳದಿಯಾಗಬೇಕಾದ ಎಲೆ ಕಪ್ಪಾಗುತ್ತದೆ. ಒಲೆ ನೋಡಿಕೊಳ್ಳುತ್ತಿದ್ದವರು ನನ್ನ ಅತ್ತೆ. ನಾನು ಅವರ ಕೈಕೆಳಗಿನ ಆಳು. ಒಂದು ಕೈಯಲ್ಲಿ ಸೌದೆ, ಇನ್ನೊಂದರಲ್ಲಿ ಪುಸ್ತಕ.

ಒಂದು ಮಧ್ಯಾಹ್ನ ನಾನು ಆ ನಾಲ್ಕನ್ನೂ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಅದೇನು ಹೇಳುತ್ತಿದ್ದೀಯ ಎಂದು ಅತ್ತೆ ಕೇಳಿದರು. ಒಲೆಯೊಳಗೆ ನಡೆಯೋದೇ ಇದು, ಎಷ್ಟು ಕ್ರಿಯೆ ಅಂತ ಪರೀಕ್ಷೆಯಲ್ಲಿ ಕೇಳ್ತಾರೆ ಎಂದು ಗತ್ತಿನಿಂದ ಹೇಳಿದೆ. ಇದ್ದಿಲು ಪೂರ್ತಿ ಉರಿಯೋದು ಒಂದು, ಗಾಳಿ ಸಾಲದೆ ಅರ್ಧ ಉರಿದು ವಿಷದ ಗಾಳಿ ಆಗೋದು ಎರಡು, ಆ ಗಾಳಿ ಮತ್ತೆ ಉರಿಯೋದು ಮೂರು, ಪೂರ್ತಿ ಉರಿದ ಗಾಳಿ ಕೆಂಡದ ಮೇಲೆ ಹಾದು ತಿರುಗಿ ವಿಷವಾಗೋದು ನಾಲ್ಕು.

"ಅಷ್ಟೊಂದಾ? ನಾನು ನೋಡೋದು ಎರಡೇ ಕಣಮ್ಮಿ. ಸೌದೆ ಏಟು ಬೆಂತು, ಗಾಳಿ ಏಟು ಹೋಯ್ತು. ಮಿಕ್ಕಿದ್ದೆಲ್ಲ ಅದ್ರಿಂದ್ಲೇ ಬತ್ತದೆ" ಎಂದರು ಅತ್ತೆ.

"ಸ್ಕೂಲಿಗೆ ಹೋಗ್ದೇ ಇರೋರಿಗೆ ಇದೆಲ್ಲ ಗೊತ್ತಾಗಲ್ಲ, ಬುಡಿ ಅತ್ತೆ."

ಅತ್ತೆ ಒಲೆಯ ಬಾಯಿಗೆ ಮುಚ್ಚಿದ್ದ ತಗಡನ್ನು ನಾಲ್ಕು ಬೆರಳು ಸರಿಸಿದರು. ಒಳಗೆ ಉರಿ ಎದ್ದಿತು.

ನಾನು ಸಿಟ್ಟಿನಿಂದಲೇ ಪುಸ್ತಕದ ಕಡೆ ತಿರುಗಿದೆ. ಅವರ ಮಾತು ತಪ್ಪೆಂದು ತೋರಿಸಲು ಎರಡನೆಯ ಸಮೀಕರಣದ ಕೆಳಗೆ ಮೂರನೆಯದನ್ನು ಬರೆದು ಕೂಡಿಸಿದೆ. ಮೊನಾಕ್ಸೈಡ್ ಎರಡೂ ಕಡೆ ಹೊಡೆದುಹೋಯಿತು, ಉಳಿದದ್ದು ಮೊದಲನೆಯದೇ. ಎರಡನೆಯದರಿಂದ ಮೂರನೆಯದನ್ನು ಕಳೆದೆ. ನಾಲ್ಕನೆಯದು ಬಂತು! ಪದಾರ್ಥ ನಾಲ್ಕು, ಮೂಲಧಾತು ಎರಡು, ಕಳೆದರೆ ಎರಡು ಎಂದು ಕಾಲೇಜಿನಲ್ಲಿ ಹೇಳಿದ್ದು ಆಗ ತಲೆಗೆ ಹೋಯಿತು. ಎಷ್ಟು ಇದ್ದಿಲು, ಎಷ್ಟು ಆಕ್ಸಿಜನ್ ಖರ್ಚಾಯಿತೆಂದು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಲೆಕ್ಕದಲ್ಲೇ ಪಡೆಯಬಹುದು. ನಾಚಿಕೆಯಿಂದ ಮುಖ ಬಿಸಿಯಾಯಿತು. ತಪ್ಪಾಯ್ತು ಅನ್ನಲು ಮಾತ್ರ ನಾಲಿಗೆ ಏಳಲಿಲ್ಲ. ಎದ್ದು ಹೋಗಿ ಕಾಫಿ ಮಾಡಿಕೊಟ್ಟೆ.

ಪರೀಕ್ಷೆಯ ದಿನ ಎಲೆ ಬಣ್ಣ ತಿರುಗುವ ಹೊತ್ತು. ಒಲೆಗೂ ಬ್ಯಾರನ್ನಿಗೂ ಇಬ್ಬರು ಬೇಕೇ ಬೇಕು. ನನ್ನ ಗಂಡ ಹೊಲದಲ್ಲಿ ಮುಂದಿನ ಎಲೆ ಕುಯ್ಯಿಸುತ್ತಿದ್ದರು. ನಾನು ಹೋಗುವುದಿಲ್ಲವೆಂದು ಮನಸ್ಸಿನಲ್ಲೇ ಕೈಚೆಲ್ಲಿ ಪೊರಕೆ ಹಿಡಿದಿದ್ದೆ. ಅತ್ತೆ ಅದನ್ನು ಕಸಿದುಕೊಂಡರು.

"ಉಣಸೂರು ಬಸ್ಸು ಬರೋ ಹೊತ್ತಾಯ್ತು, ಹೊರಡು. ಸೊಪ್ಪು ಇನ್ನೊಂದ್ಸಲ ಬತ್ತದೆ. ನಿನ್ನ ಪರೀಕ್ಸೆ ಬರಾಕಿಲ್ಲ."

ಹೋದೆ. ಅದೇ ಪ್ರಶ್ನೆ ಬಂದಿತ್ತು. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ಆ ತಗಡು ಮತ್ತು ಅದನ್ನು ಸರಿಸಿದ ಕೈ. ಸಂಜೆ ಬಂದು ನೋಡಿದರೆ ಬ್ಯಾರನ್ನಿನ ಒಂದು ಸಾಲಿನ ಸೊಪ್ಪು ಕಪ್ಪಾಗಿತ್ತು. ನೋಯುವ ಮಂಡಿಯಲ್ಲಿ ಅತ್ತೆ ಒಬ್ಬರೇ ಎಷ್ಟೆಂದು ಓಡಾಡಿಯಾರು? ನನ್ನ ಗಂಡ ಕೇಳಿದ್ದಕ್ಕೆ ಅತ್ತೆ, ನಾನೇ ತೂಕಡಿಸಿಬಿಟ್ಟೆ ಎಂದು ಹೇಳಿದರು. ತೂಕಡಿಸುವ ಹೆಂಗಸಲ್ಲ ಅದು. ನನ್ನ ಹೆಸರು ಬರಬಾರದೆಂದು ಆಡಿದ ಸುಳ್ಳು.

ಫಲಿತಾಂಶ ಬಂದಾಗ ಕೊನೆಯ ಸೊಪ್ಪು ಕಟ್ಟುತ್ತಿದ್ದೆವು. ಒಳಗೆ ಹೋಗಿ ಫೋನು ನೋಡಿ ಓಡಿಬಂದು, ಪಾಸಾದೆ ಅತ್ತೆ ಎಂದೆ. ಅವರು ಕೈ ನಿಲ್ಲಿಸಿ, ಆವತ್ತಿನ ಆ ಪ್ರಶ್ನೆಗೆ ಎಷ್ಟು ಅಂತ ಬರೆದೆ ಎಂದು ಕೇಳಿದರು. ಎರಡು ಎಂದೆ.

"ಅಂಗಾರೆ ನಾನೂ ಪಾಸಾಯ್ತಿದ್ದೆ ಅನ್ನು" ಎಂದು ನಕ್ಕರು.

ಮೂರನೇ ಕ್ಲಾಸಿನಲ್ಲಿ ಸ್ಲೇಟು ಬಿಡಿಸಿ ಇದೇ ಸೊಪ್ಪು ಕಟ್ಟಲು ಕೂರಿಸಿದ್ದರಂತೆ ಅವರನ್ನು. ಅದನ್ನು ಅವರು ಹೇಳಿದ್ದೂ ನಗುತ್ತಲೇ. ನನಗೆ ನಗು ಬರಲಿಲ್ಲ. "ಆಯ್ತಿದ್ರಿ ಅತ್ತೆ, ನನಗಿಂತ ಮೊದಲೇ" ಎಂದೆ. ಆವತ್ತು ಅಂಥ ಮಾತು ಆಡಬಾರದಿತ್ತು, ತಪ್ಪಾಯ್ತು ಎಂದೂ ಹೇಳಿದೆ.

ಯಾವ ಮಾತು ಎಂದು ಅವರು ಕೇಳಲಿಲ್ಲ. ಕಡ್ಡಿಯ ಇನ್ನೊಂದು ತುದಿಯನ್ನು ನನ್ನ ಕಡೆಗೆ ನೀಡಿದರು.