ಸ್ಟೇಷನ್ನಿನಲ್ಲಿದ್ದ ಸ್ಕೂಟರ್ ಮನೆಗೆ ಬಂದ ಸಂಜೆ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಎಲ್ಲದಕ್ಕೂ ಒಂದು ರೀಸನ್ ಹುಡುಕುವುದನ್ನು ಕಲಿಸಿದ್ದರು. ಯಾರಾದರೂ ಇಂಥ ಕತೆ ಹೇಳಿದರೆ, ಪೂರ್ ಥಿಂಗ್, ನಿದ್ದೆಗೆಟ್ಟಿರಬೇಕು ಅಂದುಕೊಳ್ಳುತ್ತಿದ್ದೆ. ಈಗ ನೀವು ನನ್ನ ಬಗ್ಗೆ ಹಾಗೇ ಅಂದುಕೊಂಡರೂ ಬೇಸರವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ಯಜಮಾನರು ದನದ ಡಾಕ್ಟರು. ರಿಟೈರ್ ಆದ ಮೇಲೂ ಹೆಗ್ಗಡದೇವನಕೋಟೆಯ ಸುತ್ತಲಿನ ಹಳ್ಳಿಗಳಿಂದ ಕರೆ ಬಂದರೆ ಸ್ಕೂಟರ್ ಹತ್ತಿ ಹೊರಟುಬಿಡುತ್ತಿದ್ದರು. ಸಂಜೆ ಬರುವಾಗ ಬೀದಿಯ ತಿರುವಿನಲ್ಲೇ ಇಂಜಿನ್ ಆಫ್ ಮಾಡಿ, ಇಳಿಜಾರಿನಲ್ಲಿ ಗಾಡಿಯನ್ನು ಗೇಟಿನವರೆಗೆ ಉರುಳಿಸಿಕೊಂಡು ಬರುವುದು ಅವರ ಚಟ. ಪೆಟ್ರೋಲ್ ಉಳಿಯುತ್ತದಂತೆ. ಇಂಜಿನ್ನಿನ ಸದ್ದು, ಆಮೇಲೆ ಮೌನ, ಆಮೇಲೆ ಜಲ್ಲಿಯ ಮೇಲೆ ಚಕ್ರದ ಕರಕರ. ಸದ್ದು ನಿಂತ ಕೂಡಲೇ ನಾನು ಕಾಫಿಗೆ ಹಾಲಿಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅವರು ಸರಗೂರಿನ ಕಡೆಯಿಂದ ಬರುವಾಗ ಒಬ್ಬ ಅಪರಿಚಿತ ಡ್ರಾಪ್ ಕೇಳಿದ. ಕೈಯಲ್ಲೊಂದು ಮೂಟೆ. ಸ್ಕೂಟರ್ ಇರುವವರೆಲ್ಲ ಮಾಡುವಂತೆ ಇವರು ಮೂಟೆಯನ್ನು ಮುಂದೆ, ತಮ್ಮ ಕಾಲ ನಡುವೆ ಇಡಿಸಿಕೊಂಡು ಅವನನ್ನು ಹಿಂದೆ ಕೂರಿಸಿಕೊಂಡರು. ಪೊಲೀಸರು ತಡೆದಾಗ ಅವನು ಜಿಗಿದು ಮುಸುಕಿನ ಜೋಳದ ಹೊಲದೊಳಗೆ ಓಡಿಹೋದ. ಮೂಟೆಯಲ್ಲಿ ಇದ್ದದ್ದು ರೈತರ ಪಂಪ್‌ಸೆಟ್ಟುಗಳಿಂದ ಕತ್ತರಿಸಿದ ತಾಮ್ರದ ಕೇಬಲ್. ಕದ್ದ ಮಾಲು ನನ್ನ ಗಂಡನ ಕಾಲ ಬಳಿ. ಅರೆಸ್ಟ್ ಮಾಡದೆ ಇನ್ನೇನು ಮಾಡುತ್ತಾರೆ?

ಮರುದಿನ ಸಾಕ್ಷಿ ಸಾಲದೆಂದು, ಕರೆದಾಗ ಬರುತ್ತೇನೆಂದು ಬರೆಸಿಕೊಂಡು ಬಿಟ್ಟರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಒಬ್ಬ ಪೇದೆ ಇಡ್ಲಿ ಕೂಡ ತರಿಸಿಕೊಟ್ಟನಂತೆ. ಆದರೆ ಅಂದಿನಿಂದ ಇವರು ಗೇಟಿನಾಚೆ ಕಾಲಿಡಲಿಲ್ಲ.

ಎದುರುಮನೆಯ ಸೊಸೆ ಸೌಮ್ಯ ಲಾಯರ್. ಬಂದು ಕೂತು ನಿಧಾನವಾಗಿ ಹೇಳಿದಳು: "ಆಂಟಿ, ಬಿಟ್ಟು ಕಳಿಸಿದ್ರು ಅಂದ ಮಾತ್ರಕ್ಕೆ ಕೇಸ್ ಮುಗೀಲಿಲ್ಲ. ಅಂಕಲ್ ಮೇಲೆ ಚಾರ್ಜ್‌ಶೀಟ್ ಹಾಕಿಲ್ಲ, ಅಷ್ಟೇ." ಹೊಸ ಸಾಕ್ಷಿ ಸಿಕ್ಕರೆ ಮತ್ತೆ ಕರೆಯಬಹುದು. ನೋಟಿಸ್ ಬಂದರೆ ತಪ್ಪಿಸಿಕೊಳ್ಳದೆ ಹೋಗಬೇಕು, ಆದರೆ ಒಬ್ಬರೇ ಹೋಗಬಾರದು. ಓದದೆ ಯಾವುದಕ್ಕೂ ಸಹಿ ಹಾಕಬಾರದು. ತನಿಖೆ ಮುಗಿದು, ಇವರ ಪಾತ್ರವಿಲ್ಲವೆಂಬ ವರದಿಯನ್ನು ಮ್ಯಾಜಿಸ್ಟ್ರೇಟರು ಒಪ್ಪಿದ ಮೇಲೇ ನಿಶ್ಚಿಂತೆ. ಜಪ್ತಿಯಾದ ಸ್ಕೂಟರನ್ನು ಮಾತ್ರ ಅಲ್ಲಿಯವರೆಗೆ ಕಾಯದೆ ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. ಅಂಕಲ್ ಬಂದು ಸಹಿ ಹಾಕಿದರೆ ಸಾಕು ಅಂದಳು.

ಅದಕ್ಕೇ ಇವರು ಒಪ್ಪಲಿಲ್ಲ. "ಗಾಡಿ ಅಲ್ಲೇ ಕೊಳೀಲಿ ಬುಡು," ಅಂದರು. ಹಸುವಿಗೆ ಕಾಯಿಲೆ ಎಂದು ಫೋನ್ ಬಂದರೆ ನನ್ನ ಕೈಗೆ ಕೊಟ್ಟು, ಊರಲ್ಲಿಲ್ಲ ಅನ್ನು ಎಂದು ಸನ್ನೆ ಮಾಡುವರು. ಹೀಗೇ ತಿಂಗಳುಗಳು ಕಳೆದವು. ಮನೆಯಲ್ಲಿ ನಿಲ್ಲುವುದೇ ಗೊತ್ತಿಲ್ಲದ ಮನುಷ್ಯ ಕಿಟಕಿಯ ಕರ್ಟನ್ ಎಳೆದುಕೊಂಡು ಕೂರುವುದನ್ನು ನೋಡಲಾರದೆ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕೇಸು ಏನಾದರೂ ಆಗಲಿ, ಇವರು ಮೊದಲಿನಂತಾಗುತ್ತಾರೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ.

ಒಂದು ಸಂಜೆ, ಬೆಳಕು ಇನ್ನೂ ಚೆನ್ನಾಗಿತ್ತು, ಹಜಾರದಲ್ಲಿ ಇಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು. ತಿರುವಿನಲ್ಲಿ ಸ್ಕೂಟರಿನ ಸದ್ದಾಯಿತು. ಸದ್ದು ನಿಂತಿತು. ನಾನು ಯೋಚಿಸದೆ ಎದ್ದು ಹೋಗಿ ಹಾಲಿಟ್ಟೆ. ಸ್ಟವ್ ಹಚ್ಚಿದ ಮೇಲೇ, ಇವರು ಮನೆಯಲ್ಲೇ ಇದ್ದಾರಲ್ಲ ಎಂದು ಹೊಳೆದು ಹಜಾರಕ್ಕೆ ಓಡಿಬಂದೆ. ಜಲ್ಲಿಯ ಮೇಲಿನ ಕರಕರ ಗೇಟಿನವರೆಗೂ ಬಂತು. ನಮ್ಮ ನಾಯಿ ಬೊಗಳಲಿಲ್ಲ. ಇವರು ಮನೆಗೆ ಬಂದಾಗ ಮಾತ್ರ ಮಾಡುವಂತೆ ಕುಂಯ್‌ಗುಡುತ್ತ, ಕೂತಿದ್ದ ಇವರ ಕಾಲನ್ನೇ ದಾಟಿಕೊಂಡು ಗೇಟಿಗೆ ಓಡಿತು.

"ನಿಂಗೂ ಕೇಳುಸ್ತಾ?" ಅಂದರು. ಹೂಂ ಅಂದೆ.

"ನಮ್ ಗಾಡಿನೇ ಕಣೇ ಅದು."

ಮೊರ ಕೆಳಗಿಟ್ಟು, ಚಪ್ಪಲಿ ಕೂಡ ಮೆಟ್ಟದೆ ಅಂಗಳ ದಾಟಿ ಗೇಟ್ ತೆಗೆದರು. ಹೊರಗೆ ಯಾರೂ ಇರಲಿಲ್ಲ. ಇಬ್ಬರೂ ತಿರುವಿನವರೆಗೆ ನಡೆದು ನೋಡಿದೆವು. ಜಗಲಿಯಲ್ಲಿ ಕೂತಿದ್ದ ಸೌಮ್ಯಳ ಅತ್ತೆ ಯಾವ ಗಾಡಿಯೂ ಬರಲಿಲ್ಲ ಅಂದವರು, "ಏನ್ ಡಾಕ್ಟ್ರೇ, ಬೀದಿ ಇನ್ನೂ ಇದ್ದದೋ ಇಲ್ವೋ ಅಂತ ನೋಡಕ್ ಬಂದ್ರಾ?" ಎಂದು ಕೆಣಕಿದರು. ಇವರು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಮರುದಿನ ಬೆಳಿಗ್ಗೆ ತಾವಾಗಿಯೇ ಇಸ್ತ್ರಿ ಶರ್ಟು ಹಾಕಿಕೊಂಡು ಸೌಮ್ಯಳನ್ನು ಕರೆದರು. ಅರ್ಜಿಗೆ ಸಹಿ ಹಾಕಿದ ಮೇಲೆ ಸ್ಟೇಷನ್ನಿಗೂ ಹೋದೆವು. ಸ್ಕೂಟರ್ ಹೊಂಗೆ ಮರದ ಕೆಳಗೆ, ಬೇರೆ ಜಪ್ತಿ ಗಾಡಿಗಳ ನಡುವೆ ಸಿಕ್ಕಿಕೊಂಡಿತ್ತು. ಎರಡು ಟೈರೂ ಚಪ್ಪಟೆ, ಸೀಟಿನ ತುಂಬ ತರಗೆಲೆ. ನಿನ್ನೆ ಯಾರಾದರೂ ಇದನ್ನು ಹೊರಗೆ ತೆಗೆದಿದ್ದರಾ ಎಂದು ನಾನು ಕೇಳಿದಾಗ ಆ ಇಡ್ಲಿ ಪೇದೆ ನನ್ನನ್ನು ವಿಚಿತ್ರವಾಗಿ ನೋಡಿ, "ಇದು ಎಲ್ಲಿಗೂ ಓಗಿಲ್ಲ ಕಣವ್ವ. ಕೀ ನಮ್ ತಾವೇ ಅದೆ," ಅಂದ. ಇಂಜಿನ್ ಮುಟ್ಟಿ ನೋಡಿದೆ. ತಣ್ಣಗಿತ್ತು.

ಕೋರ್ಟು ಗಾಡಿಯನ್ನು ಕೊಟ್ಟಿತು. ಆಮೇಲೆ ನಿಜವಾದ ಕಳ್ಳನೂ ಸಿಕ್ಕಿ, ಚಾರ್ಜ್‌ಶೀಟಿನಲ್ಲಿ ಇವರ ಹೆಸರು ಇಲ್ಲದಾಯಿತು. ಈಗಲೂ ಇವರು ಹಳ್ಳಿಗೆ ಹೋಗುತ್ತಾರೆ, ತಡವಾಗಿ ಬಂದು ನನ್ನ ಕೈಲಿ ಬೈಸಿಕೊಳ್ಳುತ್ತಾರೆ.

ನಾನು ಎಲ್ಲ ರೀತಿಯಲ್ಲೂ ಯೋಚಿಸಿ ನೋಡಿದ್ದೇನೆ. ಮಾಸ್ ಹಿಸ್ಟೀರಿಯಾ ಎನ್ನೋಣವೆಂದರೆ ಇದ್ದದ್ದು ನಾವಿಬ್ಬರು ಮತ್ತು ಒಂದು ನಾಯಿ. ಆ ಸಂಜೆ ಮನೆಗೆ ಬಂದವರು ಯಾರು ಎಂದು ಕೇಳಿದರೆ, ನನ್ನ ಗಂಡ ಎಂದೇ ನಾನು ಹೇಳಬೇಕು. ಆದರೆ ಅವರು ನನ್ನೆದುರಿಗೇ ಕೂತು ಅವರೆಕಾಯಿ ಬಿಡಿಸುತ್ತಿದ್ದರಲ್ಲ.