ಚನ್ನವೀರಯ್ಯನ ಪೀಪಾಯಿ

ಊರಿಂದ ಬಂದ ಅತ್ತೆ ಕಾಲುಚೀಲ ಒದ್ದೆಯಾಯಿತೆಂದು ಕೂಗಿಕೊಂಡಾಗ, ಲಂಡನ್ನಿನ ಹೌನ್ಸ್ಲೋದ ಚನ್ನವೀರಯ್ಯ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿಟ್ಟ ಪೀಪಾಯಿಯಿಂದ ಹರಿದುಬಂದ ಕಂದು ನೊರೆಯನ್ನು ಒರೆಸುತ್ತ, "ಕಷಾಯ ರೀ ಅತ್ತಿ" ಎಂದುಬಿಟ್ಟ. ಮನೆಯಲ್ಲೇ ಬಿಯರ್ ಮಾಡುವವರೆಲ್ಲ ಹೀಗೆಯೋ ಏನೋ, ಹೆಂಡತಿ ಸೌಜನ್ಯಾಗೆ ಗೊತ್ತಿಲ್ಲ. ಇವನಿಗಂತೂ ಕುಡಿಯುವುದಕ್ಕಿಂತ ಪೀಪಾಯಿಯ ಸೋರಿಕೆ ಹುಡುಕುವುದರಲ್ಲೇ ಅಮಲು. ಕೊರಳ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು, ಮುಚ್ಚಳದ ಸುತ್ತ ಸೋಪಿನ ನೀರು ಬಳಿದು, ಗುಳ್ಳೆ ಎದ್ದಲ್ಲಿ "ಸಿಕ್ಕ್ಯಾ ಮಗನ" ಎನ್ನುತ್ತಾನೆ. ರಬ್ಬರ್ ಉಂಗುರಕ್ಕೆ ಕೂಸಿಗೆ ಎಣ್ಣೆ ಹಚ್ಚುವ ಹಾಗೆ ವ್ಯಾಸಲೀನ್ ಸವರುತ್ತಾನೆ. ಗ್ಯಾಸು ಹೊರಗೆ ಹೋದರೆ ಬಿಯರ್ ಸಪ್ಪೆ, ಒಳಗೇ ಉಳಿದರೆ ಸೌಜನ್ಯಾಳ ಮುಖ ಸಪ್ಪೆ. ಕಪಾಟಿನ ಗೋಡೆಯಾಚೆಗೇ ಮಗಳು ಮಲಗುವುದು. ಪೀಪಾಯಿ ಉಬ್ಬಿ ಸಿಡಿದೀತೆಂದು ಹೆದರಿ ಸೌಜನ್ಯಾ ಮಗಳ ಮಂಚವನ್ನು ಮೂರು ಸಲ ಜರುಗಿಸಿದ್ದಾಳೆ. ಇವನು ಮಾತ್ರ ದಿನಾ ಬೆಳಿಗ್ಗೆ ಪೀಪಾಯಿಗೆ ಕಿವಿ ಹಚ್ಚಿ, ಬುಸುಗುಡುವ ಸದ್ದು ಕೇಳಿದ ಮೇಲೆಯೇ ಆಫೀಸಿಗೆ ಹೊರಡುತ್ತಾನೆ. ಕಾಲುಚೀಲದ ಪ್ರಕರಣವಾದ ಮೇಲೆ ಸೌಜನ್ಯಾ ಕೇಳಿಯೇಬಿಟ್ಟಳು: "ಮೂರು ವರ್ಷ ರಿಪೇರಿ ಮಾಡೀರಿ. ಇನ್ನೂ ಯಾಕ ಸೋರತೈತ್ರಿ ಅದು?" ಅವನು ದನಿ ತಗ್ಗಿಸಿದ: "ಸೋರೂದು ಹ್ವಾದ ವರ್ಷನ ನಿಂತಿತ್ತು. ಸಪ್ಪಳ ಇಲ್ದಿದ್ರ ಸಿಡಿತೈತೇನೋ ಅಂತ ನನಗೂ ಅಂಜಿಕಿ. ದಿನಾ ನಾನ ಮುಚ್ಚಳಾ ಸಡಿಲ ಮಾಡ್ತೀನಿ."