ಅಕ್ಕಿಗೆ ಬೀಸಿದ ಗಾಳಿ

ಏಪ್ರಿಲ್ ತಿಂಗಳ ನಡುಮಧ್ಯಾಹ್ನದಲ್ಲೂ ನಮ್ಮ ಓನರ್ ಅಜ್ಜಿಯ ಮೈಮೇಲೆ ಮೆರೂನ್ ಬಣ್ಣದ ಸ್ವೆಟರ್ ಇರುತ್ತಿತ್ತು, ಕತ್ತಿನವರೆಗೂ ಗುಂಡಿ ಹಾಕಿ. ಅದರ ಅಂಚಿನುದ್ದಕ್ಕೂ ಬೆವರುಸಾಲೆ ಕೆಂಪಗೆ ಎದ್ದಿರುತ್ತಿತ್ತು. ಅದನ್ನು ಕೆರೆದುಕೊಳ್ಳುತ್ತಲೇ, "ಗಾಳಿ ತಣ್ಣಗಿದೆ ಕಣೋ, ಕಿಟಕಿ ಹಾಕು" ಅನ್ನುತ್ತಿದ್ದರು.

ಜಯನಗರದ ಆ ಮನೆಯಲ್ಲಿ ಕೆಳಗೆ ಅಜ್ಜಿ ಮತ್ತು ಬ್ಯಾಂಕಿನ ಕೆಲಸದಲ್ಲಿದ್ದ ಅವರ ಮಗಳು, ಮೇಲೆ ಬಾಡಿಗೆಗೆ ನಾವು. ಕೆಳಗೆ ಒಂದೂ ಫ್ಯಾನ್ ಇರಲಿಲ್ಲ. ಅದಕ್ಕೆಂದು ಬಿಟ್ಟಿದ್ದ ಕೊಕ್ಕೆಯಲ್ಲಿ ಬಾಳೆಗೊನೆ ತೂಗುತ್ತಿತ್ತು. "ಫ್ಯಾನ್ ಬೇಕು ಅನ್ನೋರು ಮದ್ರಾಸಿಗೆ ಹೋಗ್ಲಿ. ಇದು ಬೆಂಗಳೂರು." ಅವರ ಬೆಂಗಳೂರಿನಲ್ಲಿ ಮನೆಮುಂದೆ ದೊಡ್ಡ ಮರವಿತ್ತು, ಮೇ ತಿಂಗಳಲ್ಲೂ ಹೊದಿಕೆ ಬೇಕಿತ್ತು. ಆ ಮರ ಕಡಿದು ವರ್ಷಗಳಾಗಿದ್ದವು. ಎದುರಿಗೆ ಎದ್ದ ಗಾಜಿನ ಕಟ್ಟಡ ಬಿಸಿಲನ್ನೆಲ್ಲ ಇವರ ನಡುಮನೆಗೆ ಎರಚುತ್ತಿತ್ತು. ಅಜ್ಜಿ ಅದಕ್ಕೊಂದು ಪರದೆ ಕಟ್ಟಿ, ಊರು ಹಾಗೇ ಇದೆಯೆಂದುಕೊಂಡು ಕೂತಿದ್ದರು.

ನಾಲ್ಕು ಜನರೆದುರು ಕತೆ ಹೇಳುವುದನ್ನು ನಾನು ಕಲಿತದ್ದು ಅವರಿಂದ. ಬದನೆಕಾಯಿ ಕೊಂಡ ಸುದ್ದಿಗೂ ಒಗ್ಗರಣೆ ಹಾಕಿ ಅರ್ಧ ಗಂಟೆ ಹೇಳಬಲ್ಲವರು, ತಮ್ಮ ಆರೋಗ್ಯದ ವಿಷಯ ಬಂದರೆ ಮಾತ್ರ, "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎಂದು ಮುಗಿಸಿಬಿಡುತ್ತಿದ್ದರು.

ಒಮ್ಮೆ ಬಿಸಿಲಲ್ಲಿ ತರಕಾರಿ ತರುವಾಗ ಗೇಟು ಹಿಡಿದು ಕುಸಿದರು. ಡಾಕ್ಟರ ಹತ್ತಿರ ಕರೆದೊಯ್ದೆ. ಅಜ್ಜಿಯ ಹೃದಯದ ಬಲ ಮೊದಲೇ ಕುಂದಿತ್ತು. ಕಾಲು ಊದದಿರಲೆಂದು ಮೈಯ ನೀರು ಇಳಿಸುವ ಮಾತ್ರೆ ನುಂಗುತ್ತಿದ್ದರು. ಡಾಕ್ಟರು ಬಿಡಿಸಿ ಹೇಳಿದರು: "ಅಮ್ಮ, ವಯಸ್ಸಾದ ಮೇಲೆ ಸೆಖೆ, ಬಾಯಾರಿಕೆ ಎರಡೂ ಸರಿಯಾಗಿ ಗೊತ್ತಾಗಲ್ಲ. ಮೈ ತಣ್ಣಗಿಡೋಕೆ ಹೃದಯ ಜಾಸ್ತಿ ದುಡೀಬೇಕು. ಮಾತ್ರೆ ಕಮ್ಮಿ ಮಾಡಿದೀನಿ. ಹೇಳಿದಷ್ಟು ನೀರು ಕುಡೀರಿ, ಸ್ವೆಟರ್ ಬಿಚ್ಚಿಡಿ, ಫ್ಯಾನ್ ಹಾಕ್ಕೊಳ್ಳಿ."

ವಾಪಸು ಬರುವಾಗ ಆಟೋದಲ್ಲಿ ಅಜ್ಜಿ ಅಂದರು: "ಪಾಪ, ಒಳ್ಳೆ ಹುಡುಗ. ರಾಯಚೂರಿನ ಕಡೆಯೋನಂತೆ. ಅಲ್ಲಿ ಸೆಖೆ ನೋಡು, ಅದಕ್ಕೇ ಹಂಗಂತಾನೆ."

ನನಗೆ ರೇಗಿಹೋಯಿತು. ಅವತ್ತೇ ಒಂದು ಟೇಬಲ್ ಫ್ಯಾನ್ ತಂದು ಅವರ ಕುರ್ಚಿಯ ಪಕ್ಕ ಇಟ್ಟೆ. ಮಾರನೆಯ ದಿನ ನೋಡಿದರೆ ಅದರ ಮೇಲೆ ಕಸೂತಿ ಬಟ್ಟೆ. ತೆಗೆದೆ, ಮತ್ತೆ ಹೊದಿಸಿದರು. ಅವರ ಮಗಳು ಬೇಡಿಕೊಂಡರು, ನಾನು ಗದರಿದೆ.

"ನಿಮ್ಮ ಹಟ ಹೃದಯ ಕೇಳಲ್ಲ ಅಜ್ಜಿ."

"ನನ್ನ ಹೃದಯ ಅಲ್ವೇನೋ, ಕೇಳುತ್ತೆ. ಬಾಡಿಗೆಗಿರೋನು ನೀನು, ಸುಮ್ನಿರು" ಎಂದು ನಕ್ಕರು.

ಮೇ ತಿಂಗಳಲ್ಲಿ ನನ್ನ ಮಗುವಿನ ಮೊದಲ ಹುಟ್ಟುಹಬ್ಬ. ಚಕ್ಕುಲಿ ತಾವೇ ಮಾಡುವುದೆಂದು ಅಜ್ಜಿ ಪಟ್ಟು ಹಿಡಿದರು. ಹಿಟ್ಟು ಮಾಡಿಸುವ ಮೊದಲು ಅಕ್ಕಿ ತೊಳೆದು ನೆರಳಲ್ಲಿ ಆರಿಸಬೇಕು. ಆ ಮಧ್ಯಾಹ್ನ ನಾನು ಕೆಳಗಿಳಿದಾಗ ಬಾಗಿಲಲ್ಲೇ ಫ್ಯಾನಿನ ಸದ್ದು ಕೇಳಿತು. ಅಂತೂ ಗೆದ್ದೆ ಅಂದುಕೊಂಡೆ.

ಒಳಗೆ ಫ್ಯಾನ್ ನೆಲಕ್ಕೆ ಮುಖ ಮಾಡಿ, ಪಂಚೆಯ ಮೇಲೆ ಹರವಿದ್ದ ಅಕ್ಕಿಗೆ ಗಾಳಿ ಬೀಸುತ್ತಿತ್ತು. ಅದರ ಹಿಂದೆ, ಮುಚ್ಚಿದ ಕಿಟಕಿಯ ಪಕ್ಕ, ಅಜ್ಜಿ ಸ್ವೆಟರ್ ತೊಟ್ಟು ಕುರ್ಚಿಗೆ ಒರಗಿದ್ದರು. ಮುಟ್ಟಿದರೆ ಕಾದ ಹೆಂಚು. ಒಂದು ಹನಿ ಬೆವರಿಲ್ಲ. ಕರೆದರೆ ಅಸ್ಪಷ್ಟವಾಗಿ ಏನೋ ತೊದಲಿದರು. ಸ್ವೆಟರ್ ಕಿತ್ತೆಸೆದು ಒದ್ದೆ ಬಟ್ಟೆ ಹೊದಿಸಿದೆ, ಫ್ಯಾನನ್ನು ಅವರ ಕಡೆ ತಿರುಗಿಸಿದೆ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಎತ್ತಿಕೊಂಡು ಹೋಗುವಾಗ ಒಮ್ಮೆ ಕಣ್ಣು ಬಿಟ್ಟರು.

"ಫ್ಯಾನ್ ಯಾಕೋ ತಿರುಗಿಸ್ದೆ... ಅಕ್ಕಿ ಇನ್ನೂ ಆರಿಲ್ಲ."

ಮರುದಿನ ಆಸ್ಪತ್ರೆಯಲ್ಲಿ ಆ ಹೃದಯ ನಿಂತಿತು.

ಈಗಲೂ ಯಾರಾದರೂ "ಬೆಂಗಳೂರಲ್ಲಿ ಎಂಥ ಸೆಖೆ ಬಿಡಿ" ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಎದುರಿಗಿರುವವರು ಬೆಪ್ಪಾಗುತ್ತಾರೆ. ಪಾಪ, ನಾನು ಜಗಳವಾಡುತ್ತಿರುವುದು ಅವರ ಜೊತೆಯಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅಜ್ಜಿಯ ಮಗಳು ಆ ಅಕ್ಕಿಯನ್ನು ಡಬ್ಬಿಗೆ ತುಂಬಿ ಮೇಲೆ ತಂದುಕೊಟ್ಟರು. ಕೈಹಾಕಿ ನೋಡಿದೆ. ಮುಚ್ಚಿದ ಮನೆಯ ಕಾವಿಗೇ ಅದು ಕಾಳುಕಾಳಾಗಿ ಆರಿತ್ತು. ಫ್ಯಾನ್ ಅದಕ್ಕೆ ಬೇಕೇ ಇರಲಿಲ್ಲ.